ಲೇಡೀಸ್ ಪಿ.ಜಿ.ಯಲ್ಲಿ ಗಪ್ಪಿ ಬಾಣಂತನ

ಹುಣಸೂರಿನಲ್ಲಿ ಬಸ್ಸು ಹತ್ತಿದೆನೆಂದು ಮಂಜುಳಮ್ಮ ಫೋನ್ ಮಾಡಿದಾಗ ಮಹದೇವು ಮುಂದಿನ ಹಾಲ್‌ನ ಮೂಲೆಯಲ್ಲಿ, ಮೀನಿನ ತೊಟ್ಟಿಯ ಮುಂದೆ ಮಂಡಿಯೂರಿ, ಗಾಜಿಗೆ ಟಾರ್ಚು ಹಿಡಿದು ಒಂದು ಗಂಡನ್ನು ಹುಡುಕುತ್ತಿದ್ದ. ಬೆಳಗಿನ ಬಿಸಿಲು ಧಾರಾಳವಾಗಿ ಒಳಗೆ ಬಿದ್ದಿತ್ತು, ಟಾರ್ಚು ಬೇಕಿರಲಿಲ್ಲ. ಆದರೆ ಟಾರ್ಚಿಲ್ಲದೆ ನೋಡಿದರೆ ಅದು ಮೀನು ನೋಡಿದಂತಾಗುತ್ತದೆಯೇ ಹೊರತು ತನಿಖೆಯಾಗುವುದಿಲ್ಲ. ತೊಟ್ಟಿಯಲ್ಲಿ ಇರಬೇಕಾದದ್ದು ಐದು ಗಪ್ಪಿ ಮೀನು. ಐದೂ ಹೆಣ್ಣು, ಐದೂ ಬೂದಿ ಬಣ್ಣ. ಬುಧವಾರ ಸಂಜೆಯಿಂದ ಅವುಗಳ ಜೊತೆ ಇನ್ನೂ ಏನೋ ಇತ್ತು. ಸೂಜಿಯ ತುದಿಯಷ್ಟು ಮೈ, ಮೈಗಿಂತ ದೊಡ್ಡದೆನಿಸುವ ಎರಡು ಕಣ್ಣು; ಅಂಥವು ಇಪ್ಪತ್ತೋ ಮೂವತ್ತೋ, ನೀರುಗಿಡದ ಸಂದಿಯಲ್ಲಿ ಅಲ್ಲಾಡದೆ ನಿಂತು ಅವನನ್ನೇ ದಿಟ್ಟಿಸುತ್ತಿದ್ದವು. ಗಪ್ಪಿಗಳು ಗಪ್‌ಚುಪ್ಪಾಗಿ ಹೆತ್ತುಬಿಟ್ಟಿದ್ದವು. ಮರಿ ಬಂದಿದೆ ಎಂದರೆ ಗಂಡು ಬಂದಿದೆ. ಗಂಡು ಬಂದಿದೆ ಎಂದರೆ ಯಾರೋ ತಂದಿದ್ದಾರೆ. ತಂದವರು ಯಾರೆಂದು ಅವನು ನಿನ್ನೆಯೇ ತೀರ್ಮಾನಿಸಿದ್ದ. ಆ ತೀರ್ಮಾನದಿಂದಲೇ ಮಂಜುಳಮ್ಮ ಈಗ ಬಸ್ಸಿನಲ್ಲಿದ್ದಳು.

ಮೇಲಿನ ಎರಡು ಮಹಡಿಯಲ್ಲಿ ಹದಿನಾಲ್ಕು ಹುಡುಗಿಯರು, ಕೆಳಗೆ ಅವನು ಮತ್ತು ಹೆಂಡತಿ ಚಾಮುಂಡೇಶ್ವರಿ. ರಾಮಕೃಷ್ಣನಗರದಲ್ಲಿ ಪಿ.ಜಿ. ಬೋರ್ಡಿಲ್ಲದ ಗೇಟು ಹುಡುಕುವುದೇ ಕಷ್ಟವಾಗಿರುವಾಗ ತನ್ನದೇ ಬೇರೆ ಎನ್ನಲು ಅವನ ಹತ್ತಿರ ಇದ್ದದ್ದು ಒಂದೇ ಮಾತು: ನಮ್ಮಲ್ಲಿ ಗಂಡಿನ ಸುಳಿವಿಲ್ಲ. ಸಿಲಿಂಡರ್ ತರುವವನು ಗೇಟಿನಿಂದಾಚೆ. ನಲ್ಲಿ ರಿಪೇರಿಯವನು ಬಂದರೆ ಅವನ ಬೆನ್ನಿಗೇ ಇವನು. ಓನರ್ ಎಂಬ ಗಂಡಿಗೂ ರಿಯಾಯಿತಿ ಇರಲಿಲ್ಲ. ಟೆರೇಸಿನ ನೀರು ನೋಡಲು ಹೋಗುವಾಗ ಮೆಟ್ಟಿಲಿನ ತಿರುವು ತಿರುವಿಗೂ ಕೆಮ್ಮಬೇಕೆಂದು ಚಾಮುಂಡೇಶ್ವರಿ ಕಾನೂನು ಮಾಡಿದ್ದಳು. ಆರಂಭದಲ್ಲಿ ನಟನೆಯಾಗಿದ್ದ ಕೆಮ್ಮು ವರ್ಷಗಳಾದ ಮೇಲೆ ನಿಜವಾಗಿಯೇ ಬಂತು. ಈಗ ಬ್ಯಾಂಕಿನ ಮೆಟ್ಟಿಲು ಹತ್ತಿದರೂ ಕೆಮ್ಮುತ್ತಾನೆ. ಹುಡುಗಿಯರು ತನ್ನನ್ನು 'ಹಾರ್ನ್ ಅಂಕಲ್' ಎನ್ನುತ್ತಾರೆಂದು ಒಮ್ಮೆ ಕೆಮ್ಮಲು ಮರೆತಾಗ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡೆನೆಂದು ತಿಳಿಯಬಾರದೆಂದು ಅರ್ಧ ಮಹಡಿ ಇಳಿದು, ಅಲ್ಲಿಂದ ಕೆಮ್ಮುತ್ತ ಮತ್ತೆ ಹತ್ತಿದ್ದ.

ಮೀನು ತರುವಾಗಲೂ ಇದೇ ನಿಯಮ. ಹಿಂದಿನ ಕ್ರಾಸಿನ ಪಿ.ಜಿ.ಯವರು ಅಕ್ವೇರಿಯಂ ಇಟ್ಟಿದ್ದಾರೆ, ಸೇರಿಸಲು ಬಂದ ಅಪ್ಪ ಅಮ್ಮಂದಿರಿಗೆ ನೋಡಲೊಂದು ವಸ್ತು ಬೇಕು ಎಂದು ಹೊರಟವನು ಮೀನಂಗಡಿಯ ದಿಲೀಪನ ಹತ್ತಿರ ಹೆಣ್ಣೇ ಕೊಡು ಎಂದ. ದಿಲೀಪ ಬಲೆ ಹಿಡಿದು ನಿಂತವನು ನಿಂತೇ ಇದ್ದ. ಗಪ್ಪಿಯಲ್ಲಿ ಜನ ನೋಡುವುದೇ ಗಂಡನ್ನು, ಬಾಲದ ಬಣ್ಣವೆಲ್ಲ ಅದಕ್ಕೇ, ಹೆಣ್ಣು ಹಾಕಿಕೊಂಡರೆ ತೊಟ್ಟಿಯಲ್ಲಿ ಏನೋ ಇದೆ ಎಂದೂ ಗೊತ್ತಾಗುವುದಿಲ್ಲ ಎಂದು ವಿವರಿಸಿದ. ಮಹದೇವು ತಗ್ಗಿದ ದನಿಯಲ್ಲಿ, "ನಮ್ದು ಲೇಡೀಸ್ ಪಿ.ಜಿ. ಕಣಪ್ಪ," ಅಂದಿದ್ದ. ಆಮೇಲಿಂದ ಬಂದ ಪ್ರತಿ ಅಪ್ಪನಿಗೂ ತೊಟ್ಟಿ ತೋರಿಸಿ, ನಮ್ಮಲ್ಲಿ ಮೀನೂ ಹೆಣ್ಣೇ ಸಾರ್, ಎನ್ನುವುದು ರೂಢಿಯಾಯಿತು. ಅಪ್ಪಂದಿರು ನಗುತ್ತಿದ್ದರು, ನಕ್ಕು ಅಡ್ವಾನ್ಸ್ ಕೊಡುತ್ತಿದ್ದರು. ಎರಡು ವರ್ಷದ ಹಿಂದೆ ಮಗಳು ಸಿಂಚನಳನ್ನು ಎಂ.ಕಾಂ.ಗೆ ಸೇರಿಸಲು ಬಂದ ಮಂಜುಳಮ್ಮನೊಬ್ಬಳೇ ನಕ್ಕಿರಲಿಲ್ಲ. ಆಗ ತೊಟ್ಟಿಯಲ್ಲಿದ್ದದ್ದು ಬೇರೆ ಮೀನು, ಈಗಿನ ಐದು ಬಂದು ತಿಂಗಳಷ್ಟೇ ಆಗಿತ್ತು; ಮಾತು ಮಾತ್ರ ಇದೇ. ಆಕೆ ಅವನ ಮುಖವನ್ನೇ ನೋಡಿ, ಮನೆಯಲ್ಲಿ ಯಾರಿಗೂ ಇವಳನ್ನು ಓದಿಸುವ ಮನಸ್ಸಿಲ್ಲ, ನಾದಿನಿಯ ಮಗ ಕಾದು ಕೂತಿದ್ದಾನೆ, ನಿಮ್ಮ ಕಡೆಯಿಂದ ಒಂದು ಮಾತು ಬಂದರೆ ಅವತ್ತೇ ಕರೆದುಕೊಂಡು ಹೋಗಿ ಧಾರೆ ಎರೆದುಬಿಡುತ್ತಾರೆ, ಎಂದಿದ್ದಳು. ಆ ಒಂದು ಮಾತನ್ನು ಅವನು ನಿನ್ನೆ ಫೋನಿನಲ್ಲಿ ಆಡಿರಲಿಲ್ಲ. ಫೋನಿನಲ್ಲಿ ಹೇಳುವಂಥದ್ದಲ್ಲ, ಬನ್ನಿ, ಎಂದಷ್ಟೇ ಅಂದಿದ್ದ. ಅಂದ ಮೇಲೆ, ಹೇಳಿದ್ದಕ್ಕಿಂತ ಇದೇ ಹೆಚ್ಚಾಯಿತೇನೋ ಅನ್ನಿಸಿ ಎರಡು ಲೋಟ ನೀರು ಕುಡಿದಿದ್ದ.

ಸಾಕ್ಷಿ ಇತ್ತು. ಸೋಮವಾರ ಸಂಜೆ ಗೇಟಿನ ಹತ್ತಿರ ಒಬ್ಬ ಹುಡುಗ ಬೈಕಿನಿಂದ ಇಳಿಯದೆಯೇ ಸಿಂಚನಳ ಕೈಗೆ ಒಂದು ಪ್ಲಾಸ್ಟಿಕ್ ಕವರು ಕೊಟ್ಟಿದ್ದ. ಗಾಳಿ ತುಂಬಿ ಉಬ್ಬಿಸಿ, ಬಾಯಿಗೆ ರಬ್ಬರ್ ಹಾಕಿದ ಕವರು. ಒಳಗೆ ನೀರಿನಂಥದ್ದು ತುಳುಕುತ್ತಿತ್ತು. ಏನಮ್ಮ ಅದು ಎಂದರೆ ಸಾಂಬಾರ್ ಎಂದಳು. ಅವನು ನಂಬಿರಲಿಲ್ಲವೆಂದಲ್ಲ, ನಂಬುವುದೋ ಬೇಡವೋ ಎಂದು ಯೋಚಿಸುತ್ತ ಚಾಮುಂಡೇಶ್ವರಿಯ ಕಿವಿಗೆ ಹಾಕಿದ. ತಪ್ಪಾದದ್ದು ಅಲ್ಲೇ. ಚಾಮುಂಡೇಶ್ವರಿ ಒಗ್ಗರಣೆ ಸೌಟನ್ನು ಒಲೆಯ ಮೇಲೇ ಬಿಟ್ಟು ತಿರುಗಿ, ನಾನು ಎರಡು ಹೊತ್ತು ಸಾಂಬಾರ್ ಮಾಡಿ ಹಾಕುವ ಮನೆಗೆ ಯಾವಳಾದರೂ ಹೊರಗಿನಿಂದ ಸಾಂಬಾರ್ ತರಿಸುತ್ತಾಳೆಯೇ ಎಂದಳು. ಅದು ಪ್ರಶ್ನೆಯಲ್ಲ, ತೀರ್ಪು. ಸಾಂಬಾರ್ ಅಲ್ಲ ಎಂದ ಮೇಲೆ ಬೇರೇನೋ ಇರಲೇಬೇಕು. ಬುಧವಾರ ತೊಟ್ಟಿಯಲ್ಲಿ ಮರಿ ಕಂಡಾಗ ಆ ಬೇರೇನೋ ತಾನಾಗಿಯೇ ಈಜಿಕೊಂಡು ಬಂದು ಕವರಿನೊಳಗೆ ಕೂತಿತು. ದಿಲೀಪನೂ ಮೀನನ್ನು ಹಾಗೇ ಕಟ್ಟಿ ಕೊಟ್ಟಿದ್ದನಲ್ಲವೆ? ಅದೇ ಉಬ್ಬು, ಅದೇ ರಬ್ಬರು. ಹುಡುಗ ತಂದ ಗಂಡು ಮೀನು, ಹುಡುಗಿ ತೊಟ್ಟಿಗೆ ಬಿಟ್ಟಳು, ಮಹದೇವುವಿನ ಮಾತಿಗೆ ಮಸಿ ಬಳಿಯಲೆಂದೇ ಬಿಟ್ಟಳು. ಸೋಮವಾರದಿಂದ ಬುಧವಾರಕ್ಕೆ ಬಸುರು ಬಾಣಂತನ ಎರಡೂ ಮುಗಿಯುತ್ತದೆಯೇ ಎಂಬ ಒಂದು ಸಣ್ಣ ಸಂಶಯ ಬಂದಿತ್ತು. ಮೀನಿನ ಪಂಚಾಂಗ ಬೇರೆ ಇರಬಹುದೆಂದು ಸುಮ್ಮನಾಗಿದ್ದ.

ಟಾರ್ಚಿನ ಬೆಳಕಿಗೆ ಬಾಲದಲ್ಲಿ ಬಣ್ಣವಿರುವ ಒಂದು ಮೀನೂ ಸಿಕ್ಕಲಿಲ್ಲ. ಫಿಲ್ಟರಿನ ಹಿಂದೆ, ಕಲ್ಲಿನ ಕೆಳಗೆ, ಪ್ಲಾಸ್ಟಿಕ್ಕಿನ ಕೋಟೆಯ ಬಾಗಿಲಲ್ಲಿ, ಎಲ್ಲೂ ಇಲ್ಲ. ದಣಿದು ಸೋಫಾದಲ್ಲಿ ಕೂತು ಮೊಬೈಲಿನಲ್ಲಿ ಗಪ್ಪಿ ಎಂದು ಹುಡುಕಿದ. ಯಾರೋ ಒಬ್ಬ, ದಾವಣಗೆರೆ ಕಡೆಯ ದನಿ, ನಮಸ್ಕಾರ ಬಂಧುಗಳೇ ಎಂದು ಶುರು ಮಾಡಿದ. ಗಂಡು ಗಪ್ಪಿ ಹೆಣ್ಣಿನ ಮುಂದೆ ಮೈಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಬಾಲ ಬಿಚ್ಚಿ, ನಡುಗುತ್ತ ನಿಲ್ಲುವುದನ್ನು ತೋರಿಸಿದ; ಹೆಣ್ಣು ಅದರತ್ತ ನೋಡದೆ ಗಾಜಿನ ಪಾಚಿ ಕೆರೆದು ತಿನ್ನುತ್ತಿತ್ತು. ಮಹದೇವುವಿಗೆ ತಾನು ಹೆಣ್ಣು ನೋಡಲು ಹೋದ ದಿನ ನೆನಪಾಯಿತು. ಅಶೋಕಪುರಂ ಹತ್ತಿರದ ಆ ಮನೆಯ ನಡುಮನೆ, ಸ್ಟೀಲ್ ತಟ್ಟೆಯಲ್ಲಿ ಉಪ್ಪಿಟ್ಟು, ಎದುರಿಗೆ ಕೂತ ಚಾಮುಂಡೇಶ್ವರಿ ಒಂದು ಸಲವೂ ತಲೆಯೆತ್ತದೆ ಉಪ್ಪಿಟ್ಟಿನೊಳಗಿನ ಮೆಣಸಿನಕಾಯಿ ಆರಿಸಿ ಬದಿಗಿಡುತ್ತಿದ್ದದ್ದು, ತಾನು ಬೆನ್ನು ಸೆಟೆಸಿ ಕತ್ತು ಓರೆ ಮಾಡಿ, ಸಹಕಾರ ಸಂಘದಲ್ಲಿ ತನ್ನ ಮಾತಿಗಿರುವ ಬೆಲೆಯ ಬಗ್ಗೆ ಗೋಡೆಗೆ ಹೇಳುತ್ತಿದ್ದದ್ದು. ಹೆಣ್ಣಿಗೆ ಕಿತ್ತಳೆ ಬಣ್ಣ ಕಂಡರೆ ಇಷ್ಟ ಬಂಧುಗಳೇ, ಎಂದ ಮೊಬೈಲಿನವನು. ಅವತ್ತಿನ ಶರ್ಟು ಕಿತ್ತಳೆ ಬಣ್ಣದ್ದೇ. ಬುದ್ಧಿವಂತ ಗಂಡು ತನಗಿಂತ ಮಂಕಾದ ಗಂಡಿನ ಪಕ್ಕವೇ ಈಜುತ್ತದೆ, ಹಾಗೆ ಈಜಿದರೆ ತಾನು ಎದ್ದು ಕಾಣುತ್ತದೆ, ಎಂದ. ಮಹದೇವು ಬಾಗಿಲ ಕಡೆ ನೋಡಿದ, ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೇನೋ ಎಂದು. ಹೆಣ್ಣು ನೋಡಲು ಹೋದ ಏಳು ಮನೆಗೂ ಅವನು ಗೆಳೆಯ ಸುಂದರೇಶನನ್ನು ಕರೆದುಕೊಂಡು ಹೋಗಿದ್ದ. ಹೆಸರಿನಲ್ಲಿದ್ದ ಸುಂದರ ಸುಂದರೇಶನ ಮುಖದವರೆಗೆ ಬಂದಿರಲಿಲ್ಲ. ಪಾಪ, ಸ್ನೇಹಕ್ಕೆ ಕರೆಯುತ್ತಾನೆಂದುಕೊಂಡು ಏಳು ಸಲವೂ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಒಂದು ಹೆಣ್ಣು ಒಪ್ಪಿದ ಗಂಡನ್ನು ಪಕ್ಕದ ಹೆಣ್ಣೂ ಒಪ್ಪುತ್ತದೆ, ಎಂದ ಮೊಬೈಲಿನವನು. ನಂಜನಗೂಡಿನವರು ಹೆಣ್ಣು ಕೊಡಲು ಇವನ ಮನೆಗೆ ಮಾತುಕತೆಗೆ ಬಂದಿದ್ದಾರಂತೆ ಎಂಬ ಸುದ್ದಿ ಹಬ್ಬಿದ ಮೇಲೆಯೇ ಚಾಮುಂಡೇಶ್ವರಿಯ ಮನೆಯವರು ಹೂಂ ಅಂದದ್ದು. ನಂಜನಗೂಡಿನವರು ಬಂದದ್ದು ಸಾಲದ ಮಾತಿಗೆ. ಇಷ್ಟು ವರ್ಷ ಹಣೆಬರಹ ಎಂದುಕೊಂಡಿದ್ದದ್ದೆಲ್ಲ ಬರೀ ಮೀನುಬರಹ.

ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಬೇಕು ಬಂಧುಗಳೇ, ಗಂಡು ಜಾಸ್ತಿಯಾದರೆ ಅವು ಸುತ್ತು ಹಾಕಿ ಹಾಕಿ ಹೆಣ್ಣುಗಳನ್ನು ನೆಮ್ಮದಿಯಾಗಿ ಊಟ ಮಾಡಲೂ ಬಿಡುವುದಿಲ್ಲ. ಮಹದೇವು ಲೆಕ್ಕ ಹಾಕಿದ. ಈ ಮನೆಯಲ್ಲಿ ಹದಿನೈದಕ್ಕೆ ಒಂದು. ಆ ಒಂದಕ್ಕೆ ಏನಾಗುತ್ತದೆಂದು ಮೊಬೈಲಿನವನು ಹೇಳಲಿಲ್ಲ; ಕೆಮ್ಮಾಗುತ್ತದೆ ಎಂದು ಇವನೇ ಹೇಳಬಹುದಿತ್ತು. ಆಮೇಲೆ ಬಂದದ್ದು ಆ ಮಾತು. ಗಂಡಿಲ್ಲದ ತೊಟ್ಟಿಯಲ್ಲೂ ಮರಿ ಬರುತ್ತದೆ. ಅಂಗಡಿಯಲ್ಲಿದ್ದಾಗ ಗಂಡಿನ ಜೊತೆ ಒಂದು ಸಲ ಸೇರಿದರೆ ಸಾಕು, ಹೆಣ್ಣು ಅದರ ಬೀಜವನ್ನು ಹೊಟ್ಟೆಯಲ್ಲಿ ಜೋಪಾನವಾಗಿಟ್ಟುಕೊಂಡು ತಿಂಗಳುಗಟ್ಟಲೆ ತನಗೆ ಬೇಕಾದಾಗ ಹೆರುತ್ತದೆ. ಅವನು ವಿಡಿಯೋ ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳಿದ. ಹಾಗಾದರೆ ಯಾರೂ ಏನೂ ತಂದಿಲ್ಲ. ತಂದದ್ದು ತಾನೇ, ದಿಲೀಪನ ಅಂಗಡಿಯಿಂದ, ಬೈಕಿಗೆ ನೇತು ಹಾಕಿಕೊಂಡು, ಹೆಣ್ಣೇ ಹೆಣ್ಣೇ ಎಂದು ಹೆಮ್ಮೆಪಡುತ್ತ. ಅಷ್ಟೂ ಹೊತ್ತು ಗಂಡು ಒಳಗೇ ಇತ್ತು. ಇನ್ನು ಈ ಮರಿಗಳಲ್ಲೂ ಅರ್ಧ ಗಂಡೇ ಇರಬಹುದು. ಇಲ್ಲೇ ಹುಟ್ಟಿದವನ್ನು ಯಾವ ಗೇಟಿನಲ್ಲಿ ನಿಂತು ತಡೆಯುವುದು? ಸಿಂಚನ ಹೇಳಿದ್ದು ಸಾಂಬಾರ್. ಹೆಣ್ಣೊಂದು ಕೈಯಲ್ಲಿ ಊಟ ಹಿಡಿದು ಬಂದರೆ ಅಡ್ಡ ನಿಂತು, ಸುತ್ತು ಹಾಕಿ ಹಾಕಿ ನೋಡಿ, ನೆಮ್ಮದಿಯಾಗಿ ತಿನ್ನಲು ಬಿಡದವನು ಯಾರು? ಅವನು ಟಾರ್ಚು ಆರಿಸಿದ.

ಮಂಜುಳಮ್ಮನಿಗೆ ಫೋನ್ ಮಾಡಿದ. ಬಸ್ಸಿನ ಸದ್ದಿನಲ್ಲಿ ಆಕೆಗೆ ಏನೂ ಕೇಳಿಸಲಿಲ್ಲ, ಬಂದೇ ಮಾತಾಡುತ್ತೇನೆಂದು ಎರಡು ಸಲ ಕೂಗಿ ಕತ್ತರಿಸಿದಳು. ಅಡುಗೆಮನೆಗೆ ಹೋಗಿ ಚಾಮುಂಡೇಶ್ವರಿಗೆ ವಿಷಯ ತಿಳಿಸಿದ. ಮೀನಿನ ಸಂಗತಿಯನ್ನು ಅವಳು ತಲೆದೂಗಿ ಒಪ್ಪಿಕೊಂಡಳು, ಹೆಣ್ಣೆಂದ ಮೇಲೆ ಅಷ್ಟು ಮುಂದಾಲೋಚನೆ ಇದ್ದೇ ಇರುತ್ತದೆ ಎಂದಳು. ಆದರೆ ಕವರಿನ ಮಾತಿಗೆ ಬಂದಾಗ ಮುಖ ಬಿಗಿಯಾಯಿತು.

"ಮೀನಲ್ಲ ಅಂದ್ರೆ ಸಾಂಬಾರ್ ಅಂತಾನಾ?"

ಅವನು ಸೌಟಿನತ್ತ ನೋಡಿದ.

"ಹನ್ನೊಂದು ವರ್ಷದಿಂದ ತಿಂತಾ ಇದಾರೆ ಕಣ್ರೀ. ಒಬ್ಬಳಾದ್ರೂ ಬೇಡ ಅಂದವಳೆ? ನೀವು ಅಂದಿದೀರಾ?"

ಅವನು ಅಂದಿರಲಿಲ್ಲ. ಹುಳಿ ಜಾಸ್ತಿ ಎಂದು ಮದುವೆಯಾದ ಮಾರನೆಯ ದಿನವೇ ಅನ್ನಿಸಿತ್ತು. ಎಲ್ಲವನ್ನೂ ಗೋಡೆಗೆ ಹೇಳಿದವನು ಇದೊಂದನ್ನು ಗೋಡೆಗೂ ಹೇಳಿರಲಿಲ್ಲ. ಹುಡುಗಿ ಕೆಟ್ಟವಳಾದರೆ ಸಾಂಬಾರ್ ಉಳಿಯುತ್ತದೆ, ಸಾಂಬಾರ್ ಕೆಟ್ಟರೆ ಹುಡುಗಿ ಉಳಿಯುತ್ತಾಳೆ ಎಂದು ಅವನಿಗೆ ಹೊಳೆದದ್ದು ಅಲ್ಲೇ, ಕೊತ್ತಂಬರಿ ಕತ್ತರಿಸುವ ಸದ್ದಿನ ನಡುವೆ. ಹುಡುಗಿ, ಹೆಂಡತಿ ಇಬ್ಬರನ್ನೂ ಉಳಿಸುವ ಮೂರನೆಯ ಸಾಂಬಾರ್ ಎಲ್ಲಾದರೂ ಇದೆಯೇ ಎಂದು ಯೋಚಿಸುತ್ತ ಮೆಟ್ಟಿಲು ಹತ್ತಿದ, ಕೆಮ್ಮಿದ, ಹತ್ತಿದ, ಕೆಮ್ಮಿದ.

ಸಿಂಚನ ಬಾಗಿಲಲ್ಲೇ ನಿಂತಿದ್ದಳು; ಅಮ್ಮ ಹೊರಟ ಸುದ್ದಿ ಅವಳಿಗೂ ಮುಟ್ಟಿತ್ತು. ಹಿಂದೆ ಮಂಚದ ಮೇಲೆ ಬ್ಯಾಗು ಬಾಯಿ ತೆರೆದುಕೊಂಡಿತ್ತು. ಅರ್ಧ ಬಟ್ಟೆ, ಅರ್ಧ ಪುಸ್ತಕ, ಯಾವುದು ಒಳಗೆ ಹೋಗುತ್ತಿದೆ ಯಾವುದು ಹೊರಗೆ ಬರುತ್ತಿದೆ ತಿಳಿಯುವಂತಿರಲಿಲ್ಲ. ಅವನು ಬಾಗಿಲ ಚೌಕಟ್ಟಿನ ಮೇಲೆ ಕಣ್ಣಿಟ್ಟು, ಮೀನು ನೀನು ತಂದದ್ದಲ್ಲ ಅಂತ ಗೊತ್ತಾಯಿತಮ್ಮ, ಎಂದ.

"ಯಾವ ಮೀನು?"

ಅವನು ಹೇಳಬೇಕಾಯಿತು. ತೊಟ್ಟಿ, ಮರಿ, ರಬ್ಬರು, ಎಲ್ಲ. ಹೇಳುತ್ತ ಹೇಳುತ್ತ, ತಲೆಯೊಳಗೆ ಅಷ್ಟು ಗಟ್ಟಿಯಾಗಿ ನಿಂತಿದ್ದ ವಾದ ಬಾಯಿಂದ ಹೊರಬಿದ್ದ ಕೂಡಲೇ ನೀರುನೀರಾಗುತ್ತಿತ್ತು. ಅವಳ ಕಣ್ಣು ಅಗಲವಾಯಿತು.

"ನಾನು ಗಂಡು ಮೀನು ತಂದು ಬಿಟ್ಟೆ ಅಂತ ನಮ್ಮಮ್ಮನ್ನ ಕರೆಸಿದೀರಾ ಅಂಕಲ್?"

ಅವಳಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದರೂ ಹೆಗಲು ಕುಲುಕಿತು. ಒಳಗಿನಿಂದ ಇನ್ನೊಬ್ಬಳು ನಕ್ಕದ್ದೂ ಕೇಳಿಸಿತು. ಅವನೂ ಸ್ವಲ್ಪ ನಗೋಣವೆಂದು ತುಟಿ ಸಡಿಲಿಸುವಷ್ಟರಲ್ಲಿ ಸಿಂಚನಳ ನಗು ನಿಂತುಹೋಗಿತ್ತು. ಮುಂದಿನ ತಿಂಗಳು ಪರೀಕ್ಷೆ, ಎಂದಳು. ಅಮ್ಮ ಇವತ್ತು ಕರೆದುಕೊಂಡು ಹೋದರೆ ಪರೀಕ್ಷೆಗೂ ಕಳಿಸುವುದಿಲ್ಲ, ನೀವು ಏನೂ ಹೇಳದಿದ್ದರೂ ಕಳಿಸುವುದಿಲ್ಲ, ಸುಮ್ಮನೆ ಯಾರು ಕರೆಸುತ್ತಾರೆ ಎಂದುಕೊಳ್ಳುತ್ತಾಳೆ. ಏನಾದರೂ ಹೇಳಲೇಬೇಕು ನೀವು. ಇದನ್ನು ಅವಳು ಬೇಡಿಕೊಂಡಂತೆ ಹೇಳಲಿಲ್ಲ. ತೆರಿಗೆ ಲೆಕ್ಕ ಬಿಡಿಸುವವಳ ಹಾಗೆ ಹೇಳಿದಳು. ಅವನು ಇಳಿಯುವಾಗ ಒಂದು ತಿರುವಿನಲ್ಲಿ ನಿಂತು, ಏನಾದರೂ, ಏನಾದರೂ, ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮೀನಿನ ಕಾರಣಕ್ಕೆ ಕರೆಸಿದೆ ಎನ್ನಬಹುದೇ? ಮೂರನೆಯ ಮನೆಯ ನಾಯಿಗೂ ನಗು ಬಂದೀತು. ಗಂಡು ಮೀನು ಎಂದ ಕೂಡಲೇ ಮಂಜುಳಮ್ಮ ಗಂಡು ಎಂಬಲ್ಲಿಗೇ ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ.

ಮಂಜುಳಮ್ಮ ಬಂದದ್ದು ಒಂದು ಕೈಯಲ್ಲಿ ಖಾಲಿ ಬ್ಯಾಗು ಹಿಡಿದುಕೊಂಡು. ಮಗಳ ಸಾಮಾನು ತುಂಬಿಕೊಂಡು ಹೋಗಲೆಂದೇ ತಂದ ಬ್ಯಾಗದು ಎಂದು ಮಹದೇವುವಿಗೆ ತಿಳಿಯಿತು. ಆಕೆ ಸೋಫಾದ ತುದಿಯಲ್ಲಿ ಕೂತಳು, ಸೆರಗಿನಿಂದ ಕತ್ತು ಒರೆಸಿಕೊಂಡಳು, ಕೊಟ್ಟ ನೀರು ಕುಡಿಯದೆ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಸಿಂಚನ ಮೆಟ್ಟಿಲಿನ ಕೊನೆಯಲ್ಲಿ ಕಂಬ ಹಿಡಿದು ನಿಂತಿದ್ದಳು. ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ ಮಣಿಗಳ ಹಿಂದೆ ಚಾಮುಂಡೇಶ್ವರಿಯ ಸೀರೆಯ ಬಣ್ಣ.

"ಅಣ್ಣ, ಅವಳಪ್ಪಂಗೂ ಹೇಳ್ದೆ ಬಂದ್ಬುಟ್ಟಿದೀನಿ. ಫೋನಲ್ಲಿ ಹೇಳೋವಂಥದ್ದಲ್ಲ ಅಂದ್ರಲ್ಲ. ಅದೇನು ಈಗ ಹೇಳ್ಬುಡಿ."

ಮಹದೇವು ಕೆಮ್ಮಿದ. ಬಾಯಿ ತೆರೆದಾಗ ಅವನಿಗೇ ಗೊತ್ತಿರಲಿಲ್ಲ, ತಾನು ನಿಜ ಹೇಳಲು ಹೊರಟಿದ್ದೇನೆಂದು.

"ನಿಮ್ಮ ಮಗಳು ಹೊರಗಿಂದ ಸಾಂಬಾರ್ ತರಿಸ್ಕೊತಾಳೆ ಕಣಮ್ಮ."

ಮಣಿಗಳು ಅಲ್ಲಾಡಿದವು.

"ಸಾಂಬಾರಾ?"

"ಹೂಂ. ನಮ್ಮನೇದು ಅವಳಿಗೆ ಸೇರಲ್ಲ. ಹುಳಿ ಜಾಸ್ತಿ. ಬರೀ ಅನ್ನ ಮೊಸರು ತಿಂದು ಎದ್ದು ಹೋಗ್ತಾಳೆ, ಪರೀಕ್ಷೆ ಟೈಮು, ಸೊರಗಿದಾಳೆ, ನೋಡಿ."

ಮಂಜುಳಮ್ಮ ಮಗಳನ್ನು ನೋಡಿದಳು. ಸಿಂಚನ ಸೊರಗಿದಂತೆ ಕಾಣಲು ಕೈಲಾದದ್ದು ಮಾಡಿದಳು.

"ಇದನ್ನ ಫೋನಲ್ಲಿ ಯಾಕೆ ಹೇಳೋಕಾಗ್ಲಿಲ್ಲ?"

ಮಹದೇವು ಅಡುಗೆಮನೆಯ ಕಡೆ ಕಣ್ಣು ಹೊರಳಿಸಿ ದನಿ ತಗ್ಗಿಸಿದ. "ಫೋನಲ್ಲಿ ಹೇಳಿದ್ರೆ ಒಳಗೆ ಕೇಳ್ಸುತ್ತಲ್ಲಮ್ಮ."

ಮಂಜುಳಮ್ಮ ಮಣಿಗಳನ್ನು ನೋಡಿದಳು, ಅವನನ್ನು ನೋಡಿದಳು. ಗಂಡಸು ಹೆಂಡತಿಗೆ ಹೆದರಿ ಪರವೂರಿನಿಂದ ಸಾಕ್ಷಿ ಕರೆಸಿಕೊಂಡಿದ್ದಾನೆ ಎಂಬುದು ಆಕೆಗೆ ತಟ್ಟನೆ ಅರ್ಥವಾಯಿತು, ಅರ್ಥವಾದಷ್ಟೂ ಮುಖ ಸಡಿಲವಾಯಿತು. ನೀರು ಕುಡಿದಳು. ಕುಡಿದು ಲೋಟ ಕೆಳಗಿಡುತ್ತ, ಏನೂ ಅನ್ನಿಸದವಳ ಹಾಗೆ ಕೇಳಿದಳು.

"ತಂದ್ಕೊಡೋರು ಯಾರು?"

ತೊಟ್ಟಿಯ ಗಾಳಿಯಂತ್ರ ಗುಳುಗುಳು ಅನ್ನುತ್ತಿತ್ತು. ಮನೆಮನೆಗೆ ಊಟ ತಂದುಕೊಡುವ ಹುಡುಗರು ಇರುತ್ತಾರಲ್ಲ ಎಂದ ಮಹದೇವು. ಅಂಥ ಹುಡುಗರು ಇರುವುದಂತೂ ಸತ್ಯ. ಅದೇ ಹೊತ್ತಿಗೆ ಮಣಿಗಳನ್ನು ಸರಿಸಿಕೊಂಡು ಚಾಮುಂಡೇಶ್ವರಿ ಹೊರಬಂದಳು, ಕೈಯಲ್ಲಿ ಬಟ್ಟಲು, ಬಟ್ಟಲಿನಿಂದ ಹಬೆ. ಒಂದು ವಾಕ್ಯ ಸಾಕಿತ್ತು ಅವಳಿಗೆ. ಬೈಕಿನ ಹುಡುಗ ಎಂದರೆ ಹನ್ನೊಂದು ವರ್ಷದ ಸಾಂಬಾರ್ ಗೆದ್ದುಬಿಡುತ್ತಿತ್ತು. ಅವಳು ಸಿಂಚನಳನ್ನು ನೋಡಿದಳು. ಹುಡುಗಿ ಕಂಬವನ್ನು ಬಿಟ್ಟಿರಲಿಲ್ಲ. ಖಾಲಿ ಬ್ಯಾಗನ್ನು ನೋಡಿದಳು. ಗಂಡನನ್ನು ನೋಡಲಿಲ್ಲ, ಅವನನ್ನು ಆಮೇಲೆ ನೋಡಿಕೊಳ್ಳುವವಳಿದ್ದಳು. ಬಟ್ಟಲನ್ನು ಮಂಜುಳಮ್ಮನ ಮುಂದೆ ಇಟ್ಟು, ನೀವೇ ಹೇಳಿ, ಎಂದಳು.

ಮಂಜುಳಮ್ಮ ಬೆರಳು ಅದ್ದಿ ನೆಕ್ಕಿದಳು, ಇನ್ನೊಮ್ಮೆ ಅದ್ದಿದಳು. "ಉಪ್ಪು ಖಾರ ಎಲ್ಲ ಎಂಗೆ ಬೇಕೋ ಅಂಗೇ ಇದೆ ತಾಯಿ. ಹುಳಿ ಒಂಚೂರು ಮುಂದು."

"ನಾಳೆಯಿಂದ ಕಮ್ಮಿ ಮಾಡ್ತೀನಿ," ಅಂದಳು ಚಾಮುಂಡೇಶ್ವರಿ. ಅವಳ ದನಿ ಅಷ್ಟು ಸಣ್ಣದಾದದ್ದನ್ನು ಮಹದೇವು ಯಾವತ್ತೂ ಕೇಳಿರಲಿಲ್ಲ.

ಊಟವಾದ ಮೇಲೆ ಮಂಜುಳಮ್ಮ ತೊಟ್ಟಿಯ ಮುಂದೆ ಬಗ್ಗಿ ಮರಿಗಳನ್ನು ನೋಡಿದಳು. ಗಂಡು ಯಾವುದು ಎಂದು ಕೇಳಿದಳು. ಇಲ್ಲ, ಇವು ಇಲ್ಲಿಗೆ ಬರುವಾಗಲೇ ಬಸುರಿ ಎಂದು ಅವನು ಹೇಳಿದಾಗ ಆಕೆಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ತಾಯಿಯೇ ಮರಿ ತಿನ್ನುತ್ತದಂತೆ, ಬೇರೆ ಮಾಡಿ ಎಂದಳು. ಖಾಲಿ ಬ್ಯಾಗಿಗೆ ಮಗಳ ಒಗೆಯಬೇಕಾದ ಹೊದಿಕೆಗಳನ್ನು ತುಂಬಿಕೊಂಡು, ಪರೀಕ್ಷೆ ಮುಗಿದ ಮೇಲೆ ಬಾ ಎಂದು ಸಿಂಚನಳಿಗೆ ಹೇಳಿ ಆಟೋ ಹತ್ತಿದಳು.

ಆಟೋ ತಿರುಗಿದ ಮೇಲೆ ಸಿಂಚನ ಗೇಟು ಹಾಕಿಕೊಂಡು ಒಳಗೆ ಬಂದಳು. ಅಡುಗೆಮನೆಯಲ್ಲಿ ಪಾತ್ರೆಗಳು ಅಗತ್ಯಕ್ಕಿಂತ ಜೋರಾಗಿ ಬೀಳುತ್ತಿದ್ದವು. ಮಹದೇವು ಒಂದು ಲೋಟ ಹಿಡಿದು ಮರಿಗಳನ್ನು ತಾಯಂದಿರಿಂದ ಬೇರೆ ಮಾಡುವ ಪ್ರಯತ್ನದಲ್ಲಿದ್ದ. ಮರಿಗಳು ಲೋಟದ ಬಾಯಿಗೆ ಬಂದು ಬಂದು ವಾಪಸು ಹೋಗುತ್ತಿದ್ದವು. ಒಂದು ಥ್ಯಾಂಕ್ಸ್ ಬರಬಹುದೆಂದು ಅವನ ಬೆನ್ನು ಕಾಯುತ್ತಿತ್ತು. ಬಂದರೆ, ಪರವಾಗಿಲ್ಲ ಬಿಡಮ್ಮ, ಎನ್ನಲು ಬಾಯಿ ಸಿದ್ಧವಾಗಿತ್ತು.

"ಅಂಕಲ್."

"ಏನಮ್ಮ."

"ಕವರಲ್ಲಿ ಏನು ಅಂತ ಕೇಳಿದ್ರಿ. ತಂದ್ಕೊಟ್ಟೋನು ಯಾರು ಅಂತ ಒಂದ್ಸಲನೂ ನನ್ನ ಕೇಳ್ಲಿಲ್ಲ."

ಲೋಟ ಕೈಯಲ್ಲೇ ಉಳಿಯಿತು. ಹೌದು, ಕೇಳಿರಲಿಲ್ಲ. ಹೆಂಡತಿಯನ್ನು ಕೇಳಿದ್ದ, ಟಾರ್ಚು ಹಿಡಿದು ತೊಟ್ಟಿಯನ್ನು ಕೇಳಿದ್ದ, ದಾವಣಗೆರೆಯವನನ್ನು ಕೇಳಿದ್ದ, ಹುಣಸೂರಿಗೆ ಫೋನ್ ಮಾಡಿದ್ದ. ನಾಲ್ಕು ಮೆಟ್ಟಿಲು ಹತ್ತಿ ಅವಳನ್ನು ಕೇಳುವುದೊಂದು ಹೊಳೆದಿರಲಿಲ್ಲ. ಈಗಲಾದರೂ ತಿರುಗಿ ಅವಳ ಮುಖ ನೋಡಿದ, ಮತ್ತು ಇಷ್ಟು ದಿನದಲ್ಲಿ ಮೊದಲ ಸಲ ಅವನಿಗೆ ನಿಜವಾಗಿ ತಿಳಿಯಬೇಕೆನಿಸಿತು.

"ಯಾರಮ್ಮ ಅವನು?"

"ನಿನ್ನೆ ಕೇಳಿದ್ರೆ ಹೇಳ್ತಿದ್ದೆ," ಅಂದಳು ಸಿಂಚನ. "ಇವತ್ತು ಹೇಳಲ್ಲ."

ಅವಳು ಅವಸರವಿಲ್ಲದೆ ಮೆಟ್ಟಿಲು ಹತ್ತಿ ಹೋದಳು.